ಹೃದಯದಲ್ಲಿ ಸುತ್ತುವ ಅಲೆ

ನಿಮಿಷಕ್ಕೆ 70 ಬಡಿತಗಳೆಂದು ಲೆಕ್ಕ ಹಿಡಿದರೆ ಮನುಷ್ಯನ ಹೃದಯವು ಒಂದು ದಿನದಲ್ಲಿ 1 ಲಕ್ಷಕ್ಕೂ ಹೆಚ್ಚು ಬಾರಿ ಬಡಿಯುತ್ತದೆ. ಪ್ರತಿಯೊಂದು ಬಡಿತಕ್ಕೂ ಮುಂಚೆ ಹೃದಯದ ಸ್ನಾಯುವಿನಲ್ಲಿ ಒಂದು ವಿದ್ಯುತ್ ಅಲೆ ಹರಿದುಹೋಗುವುದು. ಈ ಅಲೆಯು ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ಗಂಟು ಎಂಬ ಚಿಕ್ಕ ಎಡೆಯಲ್ಲಿ ಹುಟ್ಟಿ, ಎರಡು ಹೃತ್ಕರ್ಣಗಳನ್ನೂ ವ್ಯಾಪಿಸಿ, ನಡುವಣ ಇನ್ನೊಂದು ಗಂಟಿನಲ್ಲಿ ಸುಮಾರು 0.1 ಸೆಕೆಂಡು ತಡೆದು, ಅನಂತರ ಕೆಳಗಣ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಅವುಗಳ ಮೂಲೆಮೂಲೆಯನ್ನೂ ಮುಟ್ಟಿದ ಮೇಲೆ ಮುಂದೆ ಹೋಗಲು ಅದಕ್ಕೆ ದಾರಿಯಿಲ್ಲ. ಅಲ್ಲಿಗೆ ಅದು ನಂದಿಹೋಗುತ್ತದೆ. ಹೃದಯವು ಮುಂದಿನ ಅಲೆಗಾಗಿ ಕಾಯುತ್ತದೆ.

ಆದರೆ ಕೆಲವು ರೋಗಿಗಳಲ್ಲಿ ಅಲೆ ಹೀಗೆ ಮುಗಿಯುವುದಿಲ್ಲ. ಹಿಂದೆ ಹೃದಯಾಘಾತವಾಗಿ ಹೃತ್ಕುಕ್ಷಿಯ ಒಂದು ಭಾಗ ಸತ್ತು ಕಲೆಗಟ್ಟಿದ್ದರೆ, ಆ ಕಲೆಯ ಸುತ್ತಲೇ ಅಲೆಯು ಗಾಣದ ಎತ್ತಿನಂತೆ ಸುತ್ತತೊಡಗುವುದುಂಟು. ಒಂದೊಂದು ಸುತ್ತಿಗೂ ಹೃದಯ ಒಮ್ಮೆ ಬಡಿಯುವುದರಿಂದ ಬಡಿತವು ನಿಮಿಷಕ್ಕೆ 200ರವರೆಗೆ, ಕೆಲವೊಮ್ಮೆ ಅದಕ್ಕೂ ಮೇಲೆ ಏರುತ್ತದೆ. ಇಷ್ಟು ಅವಸರದಲ್ಲಿ ಹೃತ್ಕುಕ್ಷಿಗೆ ರಕ್ತ ತುಂಬಿಕೊಳ್ಳಲು ವ್ಯವಧಾನವೇ ಇಲ್ಲ. ರಕ್ತದ ಒತ್ತಡ ಕುಸಿಯುತ್ತದೆ, ರೋಗಿ ಮೂರ್ಛೆ ಹೋಗಬಹುದು, ತಡವಾದರೆ ಪ್ರಾಣವೇ ಹೋಗಬಹುದು. ವೈದ್ಯರು ಇದನ್ನು ಹೃತ್ಕುಕ್ಷಿಯ ಟಾಕಿಕಾರ್ಡಿಯ, ಎಂದರೆ ಅತಿವೇಗದ ಬಡಿತ, ಎನ್ನುತ್ತಾರೆ.

ಇದಕ್ಕೆ ಒಂದು ವಿಚಿತ್ರವಾದ ಚಿಕಿತ್ಸೆ ಇದೆ. ಎದೆಯ ಚರ್ಮದಡಿ ಹುದುಗಿಸಿದ ಒಂದು ಸಣ್ಣ ಯಂತ್ರವು, ಹೃದಯದೊಳಕ್ಕೆ ಇಳಿಬಿಟ್ಟ ತಂತಿಯ ಮೂಲಕ, ಓಡುತ್ತಿರುವ ಬಡಿತಕ್ಕಿಂತಲೂ ತುಸು ಹೆಚ್ಚು ವೇಗದಲ್ಲಿ ಕೆಲವು ಕಿರಿಯ ವಿದ್ಯುತ್ ಸ್ಪಂದಗಳನ್ನು ಕೊಡುತ್ತದೆ. ಮರುಕ್ಷಣವೇ ಹೃದಯವು ಶಾಂತವಾಗಿ ತನ್ನ ಸಹಜ ಲಯಕ್ಕೆ ಮರಳಬಹುದು. ಅನೇಕ ವೇಳೆ ಏನು ನಡೆಯಿತೆಂಬುದು ರೋಗಿಗೆ ತಿಳಿಯುವುದೂ ಇಲ್ಲ. ಓಡುವ ಹೃದಯವನ್ನು ಇನ್ನಷ್ಟು ಓಡಿಸುವುದೆಂದರೆ ಬೆಂಕಿಗೆ ತುಪ್ಪ ಸುರಿದಂತಲ್ಲವೆ? ಅದರಿಂದ ಬೆಂಕಿ ಆರುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದೇನನ್ನೂ ಬಳಸದೆ ಕಂಡುಕೊಳ್ಳಬಹುದು.

ಒಂದು ಜೀವಕೋಶದ ಉತ್ತರ

ಮೊದಲು ಹೃದಯಸ್ನಾಯುವಿನ ಒಂದೇ ಒಂದು ಜೀವಕೋಶವನ್ನು ಗಮನಿಸೋಣ. ವಿರಾಮದಲ್ಲಿರುವಾಗ ಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 90 ಮಿಲಿವೋಲ್ಟಿನಷ್ಟು ಕಡಿಮೆ ವಿಭವದಲ್ಲಿರುತ್ತದೆ. ನೆರೆಯ ಕೋಶದಿಂದ ಅಥವಾ ಹೊರಗಣ ತಂತಿಯಿಂದ ಸ್ವಲ್ಪ ವಿದ್ಯುತ್ತು ಬಂದು ಈ ವಿಭವವು ಒಂದು ಮಿತಿಯನ್ನು ದಾಟಿತೆಂದರೆ, ಕೋಶದ ಪೊರೆಯಲ್ಲಿರುವ ಸೂಕ್ಷ್ಮ ಬಾಗಿಲುಗಳು ಥಟ್ಟನೆ ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ಒಂದೆರಡು ಮಿಲಿಸೆಕೆಂಡಿನಲ್ಲಿಯೇ ಒಳಗಿನ ವಿಭವ ಧನವಾಗಿಬಿಡುತ್ತದೆ. ಬಳಿಕ ಕ್ಯಾಲ್ಸಿಯಂ ಅಯಾನುಗಳ ಒಳಹರಿವು ಈ ಸ್ಥಿತಿಯನ್ನು ಕೆಲಕಾಲ ಹಿಡಿದಿಡುತ್ತದೆ. ಸ್ನಾಯು ಸಂಕುಚಿಸುವುದು ಇದರಿಂದಲೇ. ಕೊನೆಗೆ ಪೊಟಾಸಿಯಂ ಅಯಾನುಗಳು ಹೊರಹರಿದು ಕೋಶವು ಮೊದಲಿನ ಸ್ಥಿತಿಗೆ ಬರುತ್ತದೆ. ಹೃತ್ಕುಕ್ಷಿಯ ಕೋಶದಲ್ಲಿ ಇಷ್ಟೂ ನಡೆಯಲು 200ರಿಂದ 300 ಮಿಲಿಸೆಕೆಂಡು ಹಿಡಿಯುವುದು.

ಇಲ್ಲಿ ನೆನಪಿಡಬೇಕಾದ ಅಂಶಗಳು ಎರಡು. ಮೊದಲನೆಯದು, ಕೋಶವು ಉತ್ತರ ಕೊಟ್ಟರೆ ಪೂರ್ಣವಾಗಿ ಕೊಡುತ್ತದೆ, ಇಲ್ಲವಾದರೆ ಕೊಡುವುದೇ ಇಲ್ಲ. ಮಿತಿಯನ್ನು ದಾಟಿದ ಮೇಲೆ ಸ್ಪಂದವು ಎಷ್ಟೇ ಬಲವಾಗಿದ್ದರೂ ಉತ್ತರ ದೊಡ್ಡದಾಗದು. ಎರಡನೆಯದು, ಒಮ್ಮೆ ಉತ್ತರ ಕೊಟ್ಟ ಕೋಶವು ಚೇತರಿಸಿಕೊಳ್ಳುವವರೆಗೆ ಎರಡನೆಯ ಕರೆಗೆ ಓಗೊಡುವುದಿಲ್ಲ. ಈ ಅವಧಿಯನ್ನು ನಾವು ನಿರುತ್ತರ ಕಾಲ ಎಂದು ಕರೆಯೋಣ. ಮುಂದೆ ಬರುವ ವಿಷಯವೆಲ್ಲವೂ ಈ ನಿರುತ್ತರ ಕಾಲದ ಮೇಲೆಯೇ ನಿಂತಿದೆ.

ಒಂದನ್ನೊಂದು ನುಂಗುವ ಅಲೆಗಳು

ನೀರಿನ ಅಲೆಗಳನ್ನೂ ಶಬ್ದದ ಅಲೆಗಳನ್ನೂ ಕುರಿತು ವಿದ್ಯಾರ್ಥಿಗಳು ಓದಿರುವರಷ್ಟೆ. ಕೊಳದ ಎರಡು ಕಡೆ ಕಲ್ಲೆಸೆದರೆ ಎದ್ದ ಅಲೆಗಳು ಒಂದನ್ನೊಂದು ಹಾಯ್ದು, ಏನೂ ಆಗದವುಗಳಂತೆ ತಮ್ಮ ದಾರಿ ಹಿಡಿದು ಹೋಗುತ್ತವೆ. ಹೃದಯದ ಅಲೆಗಳ ರೀತಿ ಹಾಗಲ್ಲ. ಅವು ಹುಲ್ಲುಗಾವಲಿನ ಬೆಂಕಿಯಂತೆ. ಎರಡು ದಿಕ್ಕಿನಿಂದ ಬಂದ ಬೆಂಕಿಗಳು ಸಂಧಿಸಿದರೆ ಎರಡೂ ಆರಿಹೋಗುತ್ತವೆ. ಏಕೆಂದರೆ ಒಂದೊಂದರ ಮುಂದೆಯೂ ಇರುವುದು ಇನ್ನೊಂದು ಸುಟ್ಟು ಬಂದ ಬೂದಿ ಮಾತ್ರ. ಕಾಡ್ಗಿಚ್ಚಿಗೆ ಎದುರಾಗಿ ಬೇರೊಂದು ಬೆಂಕಿ ಹಚ್ಚಿ ಅದನ್ನು ನಿಲ್ಲಿಸುವ ಉಪಾಯ ಇದೇ ತತ್ತ್ವವನ್ನು ಅನುಸರಿಸಿದೆ.

ಹೃದಯಕ್ಕೂ ಹುಲ್ಲಿಗೂ ಇರುವ ವ್ಯತ್ಯಾಸ ಒಂದೇ. ಸುಟ್ಟ ಹುಲ್ಲು ಮತ್ತೆ ಬೆಳೆಯಲು ಮಳೆಗಾಲ ಬರಬೇಕು. ಹೃದಯದ ಹುಲ್ಲು ಕಾಲು ಸೆಕೆಂಡಿನಲ್ಲಿ ಚಿಗುರಿ ಒಣಗಿ ಮತ್ತೆ ಉರಿಯಲು ಸಿದ್ಧವಾಗುತ್ತದೆ. ಈ ಒಂದು ವ್ಯತ್ಯಾಸದಿಂದಲೇ ಸುತ್ತುವ ಅಲೆ ಸಾಧ್ಯವಾಗುವುದು.

ಕೆರೆಯ ಸುತ್ತಣ ಬೆಂಕಿ

ಒಂದು ಕೆರೆಯ ಸುತ್ತ ಕಿರಿದಾದ ಹುಲ್ಲಿನ ಪಟ್ಟಿ ಇದೆಯೆಂದು ಭಾವಿಸೋಣ. ಒಂದು ಕಡೆ ಕಿಡಿ ಬಿದ್ದರೆ ಬೆಂಕಿಯು ಎಡಕ್ಕೂ ಬಲಕ್ಕೂ ಹರಡಿ, ಎರಡು ಜ್ವಾಲೆಗಳು ಆಚೆಯ ದಡದಲ್ಲಿ ಸಂಧಿಸಿ ನಂದುವುವು. ಆದರೆ ಕಿಡಿ ಬಿದ್ದ ಹೊತ್ತಿನಲ್ಲಿ ಬಲಗಡೆಯ ಹುಲ್ಲು ಇನ್ನೂ ಹಸಿಯಾಗಿದ್ದಿತೆನ್ನಿ. ಆಗ ಬೆಂಕಿ ಎಡಕ್ಕೆ ಮಾತ್ರ ಹರಡುವುದು. ಅದು ಕೆರೆಯನ್ನು ಬಳಸಿ ಬರುವಷ್ಟರಲ್ಲಿ ಹಸಿ ಹುಲ್ಲು ಒಣಗಿ, ಮೊದಲು ಸುಟ್ಟ ಎಡೆಯಲ್ಲಿಯೂ ಹೊಸ ಹುಲ್ಲು ಸಿದ್ಧವಾಗಿದ್ದರೆ, ಬೆಂಕಿಯು ಮತ್ತೆ ಮತ್ತೆ ಸುತ್ತುತ್ತಲೇ ಇರುವುದು.

ಇದು ಬರಿಯ ಕಲ್ಪನೆಯಲ್ಲ. ಅಮೆರಿಕದ ಆಲ್‌ಫ್ರೆಡ್ ಮೇಯರ್ ಎಂಬವರು ಜೆಲ್ಲಿ ಮೀನಿನ ಅಂಗಾಂಶವನ್ನು ಬಳೆಯಂತೆ ಕತ್ತರಿಸಿ, ಅದರಲ್ಲಿ ಒಂದೇ ದಿಕ್ಕಿನಲ್ಲಿ ಸುತ್ತುವ ಅಲೆಯನ್ನು ಸೆರೆಹಿಡಿಯಬಹುದೆಂದು 1906ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಜಾರ್ಜ್ ರಾಲ್ಫ್ ಮೈನ್ಸ್ 1913 ಮತ್ತು 1914ರ ಪ್ರಬಂಧಗಳಲ್ಲಿ ಇದೇ ವಿಚಾರವನ್ನು ಹೃದಯಕ್ಕೆ ಅನ್ವಯಿಸಿದರು. ಆಮೆ ಮೊದಲಾದ ಪ್ರಾಣಿಗಳ ಹೃದಯದಿಂದ ಮಾಡಿದ ಬಳೆಗಳಲ್ಲಿ ಅಲೆ ಸುತ್ತುವುದನ್ನು ಅವರು ತೋರಿಸಿದರು. ಬಳೆಯನ್ನು ಒಂದು ಕಡೆ ಕತ್ತರಿಸಿದರೆ ಸುತ್ತು ನಿಲ್ಲಬೇಕು. ನಿಂತರೆ ಅದು ನಿಜವಾಗಿ ಸುತ್ತುವ ಅಲೆಯೇ ಎಂದು ಸಿದ್ಧವಾಗುತ್ತದೆ ಎಂಬುದು ಅವರು ಹಾಕಿಕೊಟ್ಟ ಪರೀಕ್ಷೆ. ಮನುಷ್ಯನ ಅತಿವೇಗದ ಬಡಿತಕ್ಕೂ ಇದೇ ಕಾರಣವಿರಬಹುದೆಂದು ಊಹಿಸಿದ ಮೈನ್ಸ್, 1914ರಲ್ಲಿ, ತಮ್ಮ 28ನೆಯ ವಯಸ್ಸಿನಲ್ಲಿಯೇ ಕೆನಡದ ಮಾಂಟ್ರಿಯಲ್ ನಗರದಲ್ಲಿ ತೀರಿಕೊಂಡರು. ಅವರ ಊಹೆ ಸರಿಯೆಂದು ರೋಗಿಗಳಲ್ಲಿ ಸ್ಥಿರಪಡಲು ಅರ್ಧ ಶತಮಾನ ಕಾಯಬೇಕಾಯಿತು.

ತೆರಪಿನ ಲೆಕ್ಕ

ಈಗ ಸುತ್ತಿಗೆ ಸಂಖ್ಯೆಗಳನ್ನು ಕೊಡೋಣ. ಕಲೆಯ ಸುತ್ತಣ ದಾರಿಯ ಉದ್ದ 12 ಸೆಂಟಿಮೀಟರು, ಅಲೆಯ ವೇಗ ಸೆಕೆಂಡಿಗೆ 40 ಸೆಂಟಿಮೀಟರು, ನಿರುತ್ತರ ಕಾಲ 200 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 12ನ್ನು 40ರಿಂದ ಭಾಗಿಸಿದಷ್ಟು, ಎಂದರೆ 0.3 ಸೆಕೆಂಡು ಅಥವಾ 300 ಮಿಲಿಸೆಕೆಂಡು ಬೇಕು. ನಿಮಿಷಕ್ಕೆ 200 ಬಡಿತಗಳಾದವು.

ಅಲೆಯ ತಲೆಯು ಒಂದು ಬಿಂದುವನ್ನು ದಾಟಿದ ಮೇಲೆ ಆ ಬಿಂದು 200 ಮಿಲಿಸೆಕೆಂಡು ನಿರುತ್ತರವಾಗಿರುತ್ತದೆ. ಅಷ್ಟರಲ್ಲಿ ತಲೆಯು 8 ಸೆಂಟಿಮೀಟರು ಮುಂದೆ ಸಾಗಿರುತ್ತದೆ. ಆದುದರಿಂದ ಯಾವ ಕ್ಷಣದಲ್ಲಿ ನೋಡಿದರೂ ತಲೆಯ ಹಿಂದೆ 8 ಸೆಂಟಿಮೀಟರು ಉದ್ದದ ಬೂದಿಯ ಬಾಲವಿರುವುದು. ದಾರಿಯ ಒಟ್ಟು ಉದ್ದ 12 ಸೆಂಟಿಮೀಟರಾದ್ದರಿಂದ ಬಾಲದ ತುದಿಗೂ ಮತ್ತೆ ಬರುವ ತಲೆಗೂ ನಡುವೆ 4 ಸೆಂಟಿಮೀಟರು, ಕಾಲದಲ್ಲಿ ಹೇಳಿದರೆ 100 ಮಿಲಿಸೆಕೆಂಡು, ಉರಿಯಲು ಸಿದ್ಧವಾದ ಜಾಗ ಉಳಿಯುತ್ತದೆ. ಇದನ್ನು ತೆರಪು ಎನ್ನೋಣ. ತೆರಪು ಇರುವುದರಿಂದಲೇ ಅಲೆಯು ಸುತ್ತಲು ಸಾಧ್ಯ. ಹೊರಗಿನ ಸ್ಪಂದಕ್ಕೆ ಒಳಹೊಗಲು ದೊರೆಯುವ ಬಾಗಿಲೂ ಅದೇ.

ಅಲೆಯ ವೇಗ, ನಿರುತ್ತರ ಕಾಲ, ದಾರಿಯ ಉದ್ದ ಈ ಮೂರರ ಸಂಬಂಧವನ್ನು ಗಣಿತದ ರೂಪದಲ್ಲಿ ಬಿಡಿಸಿದವರಲ್ಲಿ ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ ಮತ್ತು ಮೆಕ್ಸಿಕೊದ ಆರ್ತುರೊ ರೋಸೆನ್‌ಬ್ಲೂತ್ ಮೊದಲಿಗರು. ಅವರ ಪ್ರಬಂಧ 1946ರಲ್ಲಿ ಪ್ರಕಟವಾಯಿತು.

ಒಂದು ಸ್ಪಂದಕ್ಕೆ ಮೂರು ಉತ್ತರಗಳು

ಸುತ್ತಿನ ಮೇಲಿನ ಒಂದು ಬಿಂದುವಿನಲ್ಲಿಯೇ ತಂತಿಯ ತುದಿ ಇದೆಯೆಂದೂ ಅಲೆಯು ಆ ಬಿಂದುವನ್ನು ಈಗತಾನೆ ದಾಟಿತೆಂದೂ ಭಾವಿಸಿ. ಆ ಕ್ಷಣವನ್ನು ಸೊನ್ನೆಯೆಂದು ಎಣಿಸೋಣ. ಒಂದೇ ಒಂದು ಸ್ಪಂದವನ್ನು ಬೇರೆ ಬೇರೆ ಹೊತ್ತಿನಲ್ಲಿ ಕೊಟ್ಟರೆ ಏನಾಗುವುದು?

ಸ್ಪಂದವನ್ನು 200 ಮಿಲಿಸೆಕೆಂಡಿಗೆ ಮೊದಲೇ ಕೊಟ್ಟರೆ ಅದು ಬೂದಿಯ ಮೇಲೆ ಬಿದ್ದ ಕಿಡಿ. ಏನೂ ಆಗದು, ಅಲೆ ತನ್ನ ಪಾಡಿಗೆ ಸುತ್ತುವುದು.

ತೆರಪಿನ ನಡುವೆ, 240ನೆಯ ಮಿಲಿಸೆಕೆಂಡಿನಲ್ಲಿ ಕೊಟ್ಟರೆ, ಎರಡು ಹೊಸ ಅಲೆಗಳು ಹುಟ್ಟುತ್ತವೆ. ಒಂದು ಹಿಮ್ಮುಖವಾಗಿ ಹೋಗಿ, ಬರುತ್ತಿರುವ ಹಳೆಯ ತಲೆಯನ್ನು ಎದುರುಗೊಂಡು, ಎರಡೂ ನಂದುತ್ತವೆ. ಇನ್ನೊಂದು ಮುಮ್ಮುಖವಾಗಿ, ಹಳೆಯ ಬಾಲದ ಹಿಂದೆಯೇ ಓಡುತ್ತದೆ. ಹಳೆಯ ಅಲೆ ಸತ್ತಿತು, ಆದರೆ ಅದೇ ದಿಕ್ಕಿನಲ್ಲಿ ಹೊಸ ಅಲೆ ಅದರ ಸ್ಥಾನವನ್ನು ವಹಿಸಿಕೊಂಡಿತು. ಸುತ್ತು ನಿಲ್ಲಲಿಲ್ಲ, 60 ಮಿಲಿಸೆಕೆಂಡು ಮುಂದಕ್ಕೆ ಸರಿಯಿತು, ಅಷ್ಟೆ. ಗಡಿಯಾರದ ಮುಳ್ಳನ್ನು ತುಸು ಮುಂದಕ್ಕೆ ತಿರುಗಿಸಿದಂತೆ.

ಬಾಲದ ತುದಿ ದಾಟಿದ ಒಡನೆಯೇ, 200 ಮಿಲಿಸೆಕೆಂಡಿನ ಅಂಚಿನಲ್ಲಿ ಕೊಟ್ಟರೆ, ಮುಮ್ಮುಖವಾಗಿ ಹೊರಟ ಅಲೆಯು ಇನ್ನೂ ಚೇತರಿಸಿಕೊಳ್ಳದ ಕೋಶಗಳಿಗೆ ತಗುಲಿ ಅಲ್ಲಿಯೇ ಆರಿಹೋಗುತ್ತದೆ. ಹಿಮ್ಮುಖವಾದುದಕ್ಕೆ ಮಾತ್ರ ದಾರಿಯಿದೆ. ಅದು ಎದುರು ಬರುವ ತಲೆಯನ್ನು ಸಂಧಿಸಿ ಎರಡೂ ನಂದುತ್ತವೆ. ಈಗ ಸುತ್ತಿನಲ್ಲಿ ಯಾವ ಅಲೆಯೂ ಉಳಿದಿಲ್ಲ. ಹೃದಯ ಒಂದು ಕ್ಷಣ ಮೌನವಾಗಿದ್ದು, ಸೈನಸ್ ಗಂಟು ಮತ್ತೆ ತನ್ನ ಅಧಿಕಾರವನ್ನು ವಹಿಸಿಕೊಳ್ಳುವುದು.

ಸ್ಪಂದದ ಬಲ ಮೂರು ಸಂದರ್ಭಗಳಲ್ಲಿಯೂ ಒಂದೇ. ಬೇರೆಯಾದುದು ಅದನ್ನು ಕೊಟ್ಟ ಹೊತ್ತು ಮಾತ್ರ. ಆದರೆ ಸುತ್ತನ್ನು ನಿಲ್ಲಿಸುವ ಹೊತ್ತಾದರೋ ಕೆಲವೇ ಮಿಲಿಸೆಕೆಂಡುಗಳಷ್ಟು ಇಕ್ಕಟ್ಟಾದುದು.

ಒಂದು ಸಾಲದು, ಎಂಟು ಏಕೆ?

ತಂತಿಯ ತುದಿ ಸುತ್ತಿನ ಮೇಲೆಯೇ ಇರುವ ಅದೃಷ್ಟ ಸಾಮಾನ್ಯವಾಗಿ ದೊರೆಯುವುದಿಲ್ಲ. ಅದು ವಾಡಿಕೆಯಾಗಿ ಬಲ ಹೃತ್ಕುಕ್ಷಿಯಲ್ಲಿರುತ್ತದೆ. ಕಲೆಯು ಅನೇಕ ವೇಳೆ ಎಡ ಹೃತ್ಕುಕ್ಷಿಯಲ್ಲಿರುತ್ತದೆ. ತುದಿಯು ಸುತ್ತಿನಿಂದ 4 ಸೆಂಟಿಮೀಟರು ದೂರದಲ್ಲಿದೆ, ನಡುವೆ ಅಲೆಯ ವೇಗ ಸೆಕೆಂಡಿಗೆ 50 ಸೆಂಟಿಮೀಟರು ಎಂದಿಟ್ಟುಕೊಂಡರೆ, ಸುತ್ತಿನಿಂದ ಹೊರಟ ಅಲೆ ತುದಿಯನ್ನು ತಲಪಲು 80 ಮಿಲಿಸೆಕೆಂಡು ಬೇಕು. ಸುತ್ತಿನಿಂದ 300 ಮಿಲಿಸೆಕೆಂಡಿಗೊಂದರಂತೆ ಅಲೆಗಳು ಹೊರಬೀಳುತ್ತಲೇ ಇವೆ. ನಮ್ಮ ಸ್ಪಂದವು ಈ ಪ್ರವಾಹದ ವಿರುದ್ಧ ಈಜಿ ಸುತ್ತನ್ನು ಮುಟ್ಟಬೇಕು.

ಸ್ಪಂದಗಳ ನಡುವಣ ಕಾಲವನ್ನು 300ರ ಶೇಕಡ 88ರಷ್ಟು, ಎಂದರೆ 264 ಮಿಲಿಸೆಕೆಂಡು ಎಂದು ಆರಿಸಿಕೊಳ್ಳೋಣ. ಮೊದಲನೆಯ ಸ್ಪಂದವು ಸುತ್ತಿನ ಅಲೆ ತುದಿಗೆ ಬರುವುದಕ್ಕಿಂತ 36 ಮಿಲಿಸೆಕೆಂಡು ಮುಂಚೆ ಹೊರಡುತ್ತದೆ. ಎರಡೂ ಎದುರುಬದುರಾಗಿ ಸಾಗುವುದರಿಂದ 18 ಮಿಲಿಸೆಕೆಂಡಿನಲ್ಲಿ, ತುದಿಯಿಂದ 0.9 ಸೆಂಟಿಮೀಟರು ದೂರದಲ್ಲಿ, ಸಂಧಿಸಿ ನಂದುತ್ತವೆ. ಸುತ್ತಿಗೆ ಏನೂ ತಟ್ಟಲಿಲ್ಲ. ಎರಡನೆಯ ಸ್ಪಂದವು 72 ಮಿಲಿಸೆಕೆಂಡು ಮುಂದಿದೆ, ಅದು 1.8 ಸೆಂಟಿಮೀಟರು ಹೋಗುವುದು. ಮೂರನೆಯದು 2.7, ನಾಲ್ಕನೆಯದು 3.6 ಸೆಂಟಿಮೀಟರು. ಐದನೆಯದರ ಲೆಕ್ಕ 4.5 ಸೆಂಟಿಮೀಟರಾಗುತ್ತದೆ. ಸುತ್ತು ಇರುವುದು 4 ಸೆಂಟಿಮೀಟರಿನಲ್ಲಿ. ಎಂದರೆ ಐದನೆಯ ಸ್ಪಂದವು ಸುತ್ತಿನ ಅಲೆ ಹೊರಬೀಳುವ ಮೊದಲೇ, 20 ಮಿಲಿಸೆಕೆಂಡು ಮುಂಚಿತವಾಗಿ, ಸುತ್ತಿನೊಳಗೆ ಕಾಲಿಟ್ಟಿತು. ಮೊದಲಿನ ನಾಲ್ಕು ಸ್ಪಂದಗಳು ವ್ಯರ್ಥವಾದಂತೆ ಕಂಡರೂ ದಾರಿ ಬಿಡಿಸಿಕೊಟ್ಟವು ಅವೇ.

ಒಳಹೊಕ್ಕ ಮೇಲೆ ಏನಾಗುವುದು? ಸುತ್ತಿನ ದಾರಿ ಎಲ್ಲೆಡೆಯೂ ಒಂದೇ ಬಗೆಯಾಗಿದ್ದರೆ ಮೇಲೆ ಹೇಳಿದ ಎರಡನೆಯ ಉತ್ತರವೇ ಮತ್ತೆ ಮತ್ತೆ ಬರುವುದು. ಪ್ರತಿಯೊಂದು ಸ್ಪಂದವೂ ಸುತ್ತನ್ನು ಮುಂದಕ್ಕೆ ತಳ್ಳುತ್ತ, ಸುತ್ತು 264 ಮಿಲಿಸೆಕೆಂಡಿನ ಹೊಸ ಲಯಕ್ಕೆ ವಶವಾಗುವುದು. ಸ್ಪಂದಗಳು ನಿಂತೊಡನೆ ಹಳೆಯ ಲಯ ಮರಳಿ ಬರುವುದು. ಆದರೆ ಕಲೆಯ ಅಂಚಿನ ಸ್ನಾಯು ಎಲ್ಲೆಡೆಯೂ ಒಂದೇ ಸಮನಾಗಿರುವುದಿಲ್ಲ. ಅದರಲ್ಲಿ ನಿಧಾನವಾಗಿ ಚೇತರಿಸಿಕೊಳ್ಳುವ ಎಡೆಗಳುಂಟು. ಅಂಥ ಒಂದು ಎಡೆಗೆ 270 ಮಿಲಿಸೆಕೆಂಡಿನ ವಿರಾಮ ಬೇಕೆನ್ನೋಣ. 300 ಮಿಲಿಸೆಕೆಂಡಿಗೊಮ್ಮೆ ಬರುವ ಅಲೆಗೆ ಅದು ದಾರಿ ಕೊಡುವುದು. ಐದನೆಯ ಸ್ಪಂದದ ಅಲೆ 280 ಮಿಲಿಸೆಕೆಂಡಿಗೆ ಬರುವುದು. ಅದಕ್ಕೂ ದಾರಿ ಸಿಕ್ಕುವುದು. ಆರನೆಯದು 264ಕ್ಕೆ ಬರುವುದು, ಅದಕ್ಕೆ ದಾರಿಯಿಲ್ಲ. ಮುಮ್ಮುಖದ ಅಲೆ ಅಲ್ಲಿ ಆರಿತು. ಹಿಮ್ಮುಖದ ಅಲೆ ಎದುರು ಬಂದ ಅಲೆಯೊಡನೆ ನಂದಿತು. ಸುತ್ತು ಮುರಿಯಿತು. ರೋಗಕ್ಕೆ ಆಶ್ರಯವಾಗಿದ್ದ ಸ್ನಾಯುವಿನ ದೌರ್ಬಲ್ಯವೇ ಇಲ್ಲಿ ಚಿಕಿತ್ಸೆಗೆ ನೆರವಾಯಿತೆಂಬುದನ್ನು ಓದುಗರು ಗಮನಿಸಬೇಕು.

ಇಲ್ಲಿ ಆರಿಸಿಕೊಂಡ ಶೇಕಡ 88 ಎಂಬ ಸಂಖ್ಯೆ ಕಲ್ಪಿತವಲ್ಲ. ನಿಮಿಷಕ್ಕೆ 188ರಿಂದ 250ರವರೆಗಿನ ಬಡಿತಗಳ ಮೇಲೆ, ಶೇಕಡ 88ರ ಅಂತರದಲ್ಲಿ 8 ಸ್ಪಂದಗಳನ್ನು ಕೊಟ್ಟು ಪರೀಕ್ಷಿಸಿದ ಪೇನ್‌ಫ್ರೀ ಎಂಬ ಅಧ್ಯಯನಮಾಲೆಯ ಎರಡನೆಯ ವರದಿ 2004ರಲ್ಲಿ ಪ್ರಕಟವಾಯಿತು. ನೂರರಲ್ಲಿ ಸುಮಾರು 72 ಪ್ರಸಂಗಗಳಲ್ಲಿ ಈ ಸ್ಪಂದಗಳಿಂದಲೇ ಬಡಿತ ಹತೋಟಿಗೆ ಬಂದಿತ್ತು.

ಉತ್ತರದಿಂದ ದಾರಿಯನ್ನು ಅರಿಯುವುದು

ಸ್ಪಂದವು ಚಿಕಿತ್ಸೆ ಮಾತ್ರವಲ್ಲ, ಹೃದಯಕ್ಕೆ ನಾವು ಕೇಳುವ ಪ್ರಶ್ನೆಯೂ ಹೌದು. 1967ರಲ್ಲಿ ಆಮ್‌ಸ್ಟರ್‌ಡಾಮಿನ ಡ್ಯೂರರ್ ಅವರ ತಂಡವೂ ಪ್ಯಾರಿಸ್ಸಿನ ಕುಮೆಲ್ ಅವರ ತಂಡವೂ, ಹೊತ್ತು ನೋಡಿ ಕೊಟ್ಟ ಸ್ಪಂದಗಳಿಂದ ರೋಗಿಗಳಲ್ಲಿ ಅತಿವೇಗದ ಬಡಿತವನ್ನು ಆರಂಭಿಸಲೂ ನಿಲ್ಲಿಸಲೂ ಬರುವುದೆಂದು ತೋರಿಸಿದವು. 1977ರಲ್ಲಿ ಅಮೆರಿಕದ ಆಲ್ಬರ್ಟ್ ವಾಲ್ಡೊ ಮತ್ತು ಸಂಗಡಿಗರು, ಹೃದಯದ ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ಹೃತ್ಕರ್ಣದ ವೇಗಬಡಿತವು ಹೊರಗಿನ ಸ್ಪಂದಗಳ ಲಯಕ್ಕೆ ವಶವಾಗುವ ಬಗೆಯನ್ನು ವಿವರಿಸಿದರು. ಈ ವಶವಾಗುವಿಕೆಯೇ ಸುತ್ತುವ ಅಲೆಯ ಗುರುತು.

ಸುತ್ತು ವಶವಾಗಿದ್ದಾಗ ಸ್ಪಂದಗಳನ್ನು ಥಟ್ಟನೆ ನಿಲ್ಲಿಸಿದರೆ, ಕೊನೆಯ ಸ್ಪಂದದ ಅಲೆಯು ಸುತ್ತನ್ನು ಮುಟ್ಟಿ, ಒಂದು ಪೂರ್ಣ ಸುತ್ತು ತಿರುಗಿ, ಮತ್ತೆ ತಂತಿಯ ತುದಿಗೆ ಮರಳಬೇಕು. ನಮ್ಮ ಉದಾಹರಣೆಯಲ್ಲಿ ಹೋಗಲು 80, ಸುತ್ತಲು 300, ಬರಲು 80, ಒಟ್ಟು 460 ಮಿಲಿಸೆಕೆಂಡು. ಈ ಕಾಲವನ್ನು ಯಂತ್ರ ಅಳೆಯುತ್ತದೆ. ಇದರಿಂದ 300ನ್ನು ಕಳೆದು ಉಳಿದ 160ನ್ನು ಅರ್ಧ ಮಾಡಿದರೆ, ತುದಿಯು ಸುತ್ತಿನಿಂದ 80 ಮಿಲಿಸೆಕೆಂಡಿನ ದೂರದಲ್ಲಿದೆಯೆಂದು ತಿಳಿಯುತ್ತದೆ. ಬಾವಿಯೊಳಕ್ಕೆ ಕೂಗಿ ಪ್ರತಿಧ್ವನಿಯಿಂದ ಆಳವನ್ನು ಅಳೆದಂತೆಯೇ ಇದೂ. ತುದಿಯನ್ನು ಬೇರೆ ಬೇರೆ ಎಡೆಗಳಿಗೆ ಸರಿಸಿ ಅಳೆಯುತ್ತ ಹೋದರೆ, ವ್ಯತ್ಯಾಸವು ಸೊನ್ನೆಗೆ ಸಮೀಪಿಸುವ ಎಡೆ ಸಿಗುವುದು. ಆ ಎಡೆ ಸುತ್ತಿನ ದಾರಿಯ ಮೇಲೆಯೇ ಇದೆ. ವ್ಯತ್ಯಾಸ 30 ಮಿಲಿಸೆಕೆಂಡಿಗಿಂತ ಹೆಚ್ಚಿಲ್ಲದಿದ್ದರೆ ಸಾಕೆಂಬುದು ವೈದ್ಯರ ವಾಡಿಕೆ.

ದಾರಿ ಗೊತ್ತಾದ ಮೇಲೆ ಅದನ್ನು ಶಾಶ್ವತವಾಗಿ ಮುಚ್ಚಬಹುದು. ಹೃತ್ಕರ್ಣದ ಫ್ಲಟರ್ ಎಂಬ ರೋಗದಲ್ಲಿ ಅಲೆಯು ಸಾಮಾನ್ಯವಾಗಿ ಬಲಗಡೆಯ ಮೂರೆಸಳಿನ ಕವಾಟದ ಸುತ್ತ ನಿಮಿಷಕ್ಕೆ ಸುಮಾರು 300 ಬಾರಿ ಸುತ್ತುತ್ತದೆ. ಆ ಕವಾಟಕ್ಕೂ ಕೆಳಗಿನಿಂದ ಬರುವ ಮಹಾಸಿರೆಗೂ ನಡುವೆ ಸ್ನಾಯುವಿನ ಒಂದು ಕಿರಿದಾದ ಸೇತುವೆ ಇದೆ. ಸುತ್ತುವ ಅಲೆ ಅದನ್ನು ಹಾಯಲೇಬೇಕು. 1990ರ ದಶಕದಿಂದ ವೈದ್ಯರು ತೊಡೆಯ ರಕ್ತನಾಳದ ಮೂಲಕ ತೂರಿಸಿದ ನಳಿಕೆಯ ತುದಿಯಿಂದ, ರೇಡಿಯೊ ಆವರ್ತನದ ವಿದ್ಯುತ್ತನ್ನು ಹಾಯಿಸಿ, ಈ ಸೇತುವೆಯನ್ನು ಒಂದು ಗೆರೆಯುದ್ದಕ್ಕೂ ಸುಡುತ್ತ ಬಂದಿದ್ದಾರೆ. ಮೈನ್ಸ್ ಅವರು ಬಳೆಯನ್ನು ಕತ್ತರಿಸಿ ಮಾಡಿದ ಪರೀಕ್ಷೆಯೇ ಇಲ್ಲಿ ಚಿಕಿತ್ಸೆಯಾಗಿದೆ.

ಅವಸರದ ಅಪಾಯ

ಹಾಗಾದರೆ ಆರಂಭದಲ್ಲಿಯೇ ಅತ್ಯಂತ ವೇಗವಾಗಿ ಸ್ಪಂದಗಳನ್ನು ಕೊಟ್ಟು ಕೆಲಸ ಮುಗಿಸಬಾರದೇಕೆ ಎಂದು ಕೇಳಬಹುದು. ಹೃದಯದ ಸ್ನಾಯು ಜಡವಸ್ತುವಲ್ಲ. ಅದು ಲಯಕ್ಕೆ ಹೊಂದಿಕೊಳ್ಳುತ್ತದೆ. ಸ್ಪಂದಗಳು ಬೇಗಬೇಗನೆ ಬಂದಂತೆ ಕೋಶದ ನಿರುತ್ತರ ಕಾಲವು ಕಿರಿದಾಗುತ್ತದೆ. ಆದುದರಿಂದ ಲೆಕ್ಕದಲ್ಲಿ ಮುಚ್ಚಬೇಕಾಗಿದ್ದ ದಾರಿ ತೆರೆದೇ ಉಳಿಯಬಹುದು. ಅಲ್ಲದೆ, ಅರ್ಧ ಚೇತರಿಸಿಕೊಂಡ ಸ್ನಾಯುವಿನಲ್ಲಿ ಅಲೆಯ ವೇಗ ತಗ್ಗುತ್ತದೆ. ವೇಗ ಇನ್ನೂ ಹೆಚ್ಚಿದರೆ ಕೋಶಗಳು ಒಂದು ಬಾರಿ ದೀರ್ಘವಾಗಿ, ಮರುಬಾರಿ ಹ್ರಸ್ವವಾಗಿ ಉತ್ತರ ಕೊಡತೊಡಗುತ್ತವೆ. ಒಂದು ಕಡೆ ದೀರ್ಘ, ಪಕ್ಕದಲ್ಲಿ ಹ್ರಸ್ವ ಎಂಬಂತಾದರೆ ಅಲೆಯು ಒಡೆದು, ಮುರಿದ ತುದಿಗಳು ಸುರುಳಿ ಸುತ್ತಿಕೊಳ್ಳುತ್ತವೆ. ಒಂದು ಸುತ್ತಿದ್ದ ಕಡೆ ಹಲವು ಸುರುಳಿಗಳಾಗಿ, ಹೃತ್ಕುಕ್ಷಿಯು ಬಡಿಯುವುದನ್ನು ಬಿಟ್ಟು ಬರಿದೆ ಅದುರುವುದು. ಇದೇ ಫಿಬ್ರಿಲೇಷನ್. ಇದು ಕೆಲವೇ ನಿಮಿಷ ಮುಂದುವರಿದರೆ ಸಾವು ಖಂಡಿತ. ಇನ್ನು ಕೆಲವೊಮ್ಮೆ, ಮಾಲೆಯ ನಡುವೆ ನಿಂತುಹೋದ ಸುತ್ತನ್ನು ಕೊನೆಯ ಸ್ಪಂದವೇ ಮತ್ತೆ ಹೊತ್ತಿಸುವುದೂ ಉಂಟು.

ಫಿಬ್ರಿಲೇಷನ್ನಿನಲ್ಲಿ ಒಂದು ನಿಶ್ಚಿತ ದಾರಿಯಿಲ್ಲ, ಕಾದು ಹೊಡೆಯಲು ಒಂದು ನಿಶ್ಚಿತ ತೆರಪೂ ಇಲ್ಲ. ಒಂದು ತುದಿಯಿಂದ ಕೊಟ್ಟ ಸ್ಪಂದವು ತನ್ನ ಅಕ್ಕಪಕ್ಕದ ಸ್ವಲ್ಪ ಜಾಗವನ್ನು ಮಾತ್ರ ಹಿಡಿದೀತು. ಆಗ ಇಡೀ ಹೃದಯವನ್ನು ಒಂದೇ ಏಟಿಗೆ ಉತ್ತರ ಕೊಡುವಂತೆ ಮಾಡುವ ದೊಡ್ಡ ಆಘಾತವೊಂದೇ ಉಪಾಯ. ಇಂಥ ಆಘಾತವನ್ನು ತಾನೇ ಕೊಡಬಲ್ಲ ಯಂತ್ರವನ್ನು ಮಿಶೆಲ್ ಮಿರೋವ್‌ಸ್ಕಿ ಮತ್ತು ಸಂಗಡಿಗರು ರೂಪಿಸಿದರು. ಅದನ್ನು ಮೊದಲ ಬಾರಿಗೆ ಮನುಷ್ಯನ ದೇಹದಲ್ಲಿ ಇರಿಸಿದ್ದು 1980ರ ಫೆಬ್ರುವರಿಯಲ್ಲಿ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ. ಆ ಬಳಿಕ ಬಂದ ಯಂತ್ರಗಳು ಎರಡು ಕೆಲಸಗಳನ್ನೂ ಬಲ್ಲವು: ಮೊದಲು ಕಿರುಸ್ಪಂದಗಳು, ಅವು ಫಲಿಸದಿದ್ದರೆ ಆಘಾತ.

ಎರಡರ ಶಕ್ತಿಯನ್ನು ಹೋಲಿಸಿ ನೋಡೋಣ. ಸ್ಪಂದವನ್ನು 8 ವೋಲ್ಟಿನಲ್ಲಿ 1.5 ಮಿಲಿಸೆಕೆಂಡು ಕೊಟ್ಟರೆ, ದಾರಿಯ ರೋಧ 500 ಓಮ್ ಆಗಿದ್ದಲ್ಲಿ, ಶಕ್ತಿಯು ವೋಲ್ಟೇಜಿನ ವರ್ಗವನ್ನು ಕಾಲದಿಂದ ಗುಣಿಸಿ ರೋಧದಿಂದ ಭಾಗಿಸಿದಷ್ಟು. ಎಂದರೆ ಸುಮಾರು 0.0002 ಜೌಲ್. ಎಂಟು ಸ್ಪಂದಗಳಿಗೆ 0.0015 ಜೌಲ್. ಆಘಾತಕ್ಕಾದರೋ 30 ಜೌಲ್, ಸುಮಾರು 20,000 ಪಟ್ಟು! ಎಚ್ಚರವಾಗಿರುವಾಗ ಈ ಆಘಾತ ತಗುಲಿದರೆ ಎದೆಗೆ ಒದೆ ಬಿದ್ದಂಥ ನೋವು. ಒಮ್ಮೆ ಅನುಭವಿಸಿದವರು ಮುಂದಿನದು ಯಾವಾಗ ಬಂದೀತೋ ಎಂಬ ಅಂಜಿಕೆಯಲ್ಲಿಯೇ ದಿನ ಕಳೆಯುವುದುಂಟು. ಕಿರುಸ್ಪಂದಗಳು ಸಾಕಾಗುವ ಕಡೆ ಆಘಾತವನ್ನು ತಪ್ಪಿಸಲು ವೈದ್ಯರೂ ವಿಜ್ಞಾನಿಗಳೂ ಇಷ್ಟೊಂದು ಶ್ರಮಿಸುವುದು ಇದಕ್ಕಾಗಿಯೇ.

ಫಿಬ್ರಿಲೇಷನ್ನನ್ನೂ ಅಲ್ಪ ಶಕ್ತಿಯಿಂದ ನಿಲ್ಲಿಸಬಹುದೆ ಎಂಬ ಪ್ರಶ್ನೆ ಭೌತವಿಜ್ಞಾನಿಗಳನ್ನು ಸೆಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೀತಾಭ್ರ ಸಿನ್ಹ, ಅಶ್ವಿನ್ ಪಾಂಡೆ ಮತ್ತು ರಾಹುಲ್ ಪಂಡಿತ್ 2001ರಲ್ಲಿ ಇದಕ್ಕೆ ಒಂದು ಮಾರ್ಗವನ್ನು ಗಣಕಯಂತ್ರದ ಮಾದರಿಯಲ್ಲಿ ತೋರಿಸಿದರು. ಸ್ನಾಯುವಿನ ಮೇಲೆ ಬಲೆಯ ಗೆರೆಗಳಂತೆ ಹರಡಿದ ತಂತಿಗಳಿಗೆ ಅಲ್ಪ ವಿದ್ಯುತ್ತನ್ನು ಕೊಟ್ಟರೆ, ಆ ಗೆರೆಗಳು ಸ್ವಲ್ಪ ಕಾಲ ನಿರುತ್ತರವಾಗುತ್ತವೆ. ಇಡೀ ಸ್ನಾಯು ಸಣ್ಣ ಸಣ್ಣ ಚೌಕಗಳಾಗಿ ವಿಂಗಡವಾಗುತ್ತದೆ. ಒಂದು ಚೌಕವು ಸುರುಳಿ ಸುತ್ತುವಷ್ಟು ವಿಶಾಲವಲ್ಲದ್ದರಿಂದ ಅಲೆಗಳು ಗೆರೆಗಳಿಗೆ ತಗುಲಿ ಒಂದೊಂದಾಗಿ ಆರುತ್ತವೆ. ನಮ್ಮ ಅರಣ್ಯಗಳಲ್ಲಿ ಬೇಸಗೆಗೆ ಮುನ್ನ ಹುಲ್ಲು ಸವರಿ ಬೆಂಕಿರೇಖೆ ಎಳೆಯುವುದನ್ನು ಬಲ್ಲವರಿಗೆ ಈ ಉಪಾಯದ ತಿರುಳು ಒಡನೆಯೇ ತಿಳಿಯುವುದು. ಇದು ಮಾದರಿಯಲ್ಲಿ ಕಂಡ ಫಲ. ಜೀವಂತ ಹೃದಯದ ದಪ್ಪವಾದ ಗೋಡೆಯಲ್ಲಿ ಇಂಥ ಬಲೆಯನ್ನು ಹರಡುವುದು ಸುಲಭದ ಮಾತಲ್ಲ. ಆದರೂ ಅಲೆಯನ್ನು ಬಲದಿಂದ ಹೊಡೆಯುವ ಬದಲು ಅದರ ದಾರಿಯನ್ನೂ ಹೊತ್ತನ್ನೂ ಅರಿತು ನಿಲ್ಲಿಸಬೇಕೆಂಬ ತತ್ತ್ವ ಇಲ್ಲಿಯೂ ಅದೇ.

ಅಭ್ಯಾಸ

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಸುತ್ತಿನ ದಾರಿ 15 ಸೆಂಟಿಮೀಟರು, ಅಲೆಯ ವೇಗ ಸೆಕೆಂಡಿಗೆ 50 ಸೆಂಟಿಮೀಟರು, ನಿರುತ್ತರ ಕಾಲ 220 ಮಿಲಿಸೆಕೆಂಡು. ಬಡಿತದ ವೇಗವೆಷ್ಟು? ತೆರಪು ಎಷ್ಟು? ಒಂದು ಔಷಧವು, ವೇಗವನ್ನು ಬದಲಿಸದೆ, ನಿರುತ್ತರ ಕಾಲವನ್ನು ಮಾತ್ರ 310 ಮಿಲಿಸೆಕೆಂಡಿಗೆ ಏರಿಸಿದರೆ ಏನಾಗುವುದು?

ಉತ್ತರ: ಬಡಿತ ನಿಮಿಷಕ್ಕೆ 200. ತೆರಪು 80 ಮಿಲಿಸೆಕೆಂಡು ಅಥವಾ 4 ಸೆಂಟಿಮೀಟರು. ಔಷಧದಿಂದ ಬಾಲದ ಉದ್ದ 15.5 ಸೆಂಟಿಮೀಟರಾಗಿ, ದಾರಿಗಿಂತಲೂ ಹೆಚ್ಚಾಗುವುದು. ಅಲೆಯ ತಲೆ ತನ್ನ ಬಾಲವನ್ನೇ ಮುಟ್ಟಿ ನಂದಿಹೋಗುವುದು. ನಿರುತ್ತರ ಕಾಲವನ್ನು ಹೆಚ್ಚಿಸುವ ಔಷಧಗಳು ಅತಿವೇಗದ ಬಡಿತವನ್ನು ತಡೆಯುವ ಒಂದು ಬಗೆ ಇದು.